ದೂರೂ ಅವರ ಮೇಲೆಯೇ, ಸಹಿಯೂ ಅವರದೇ

ಮಾನ್ಯ ಸಂಪಾದಕರೇ,

ವೈದ್ಯ ವಿದ್ಯಾರ್ಥಿಗಳ ಮುಷ್ಕರ, ಕಪ್ಪುಪಟ್ಟಿ ಕಟ್ಟಿಕೊಂಡ ಪ್ರತಿಭಟನೆ, ಹಾಸ್ಟೆಲ್ಲಿನಲ್ಲಿ ನಡೆದ ಸಾವು ಇವೆಲ್ಲ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತವೆ. ಅದಕ್ಕೂ ಮುಂಚಿನ ಆರೆಂಟು ತಿಂಗಳು ವಾರ್ಡಿನೊಳಗೆ ಏನು ನಡೆಯಿತು ಎಂಬುದು ಮಾತ್ರ ಎಲ್ಲೂ ಬರುವುದಿಲ್ಲ. ಹೇಳಬೇಕಾದವರಿಗೆ ಬಾಯಿ ಬಿಡುವ ಧೈರ್ಯವಿರುವುದಿಲ್ಲ. ಆ ಧೈರ್ಯ ಏಕೆ ಬರುವುದಿಲ್ಲ, ಬರುವಂತೆ ಮಾಡಲು ಏನು ಬೇಕು ಎಂಬುದನ್ನು ಬರೆಯಲು ಈ ಪತ್ರ. ಯಾವುದೇ ಒಂದು ಕಾಲೇಜಿನ ಮೇಲಿನ ದೂರು ಇದಲ್ಲ. ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಕಡೆಯೂ ವ್ಯವಸ್ಥೆ ಇರುವುದೇ ಹೀಗೆ.

ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಶುರುವಾದದ್ದು 2006ರಲ್ಲಿ, ಚಿಕ್ಕಮಗಳೂರಿನದು 2022ರಲ್ಲಿ. ಎರಡೂ ಜಿಲ್ಲೆಗಳ ಬಡವರಿಗೆ ಕೊನೆಯ ಭರವಸೆ ಈ ಬೋಧನಾ ಆಸ್ಪತ್ರೆಗಳೇ. ಸಕಲೇಶಪುರದ ತೋಟದಲ್ಲಿ ಆನೆ ತುಳಿದ ಕಾರ್ಮಿಕ, ಮೂಡಿಗೆರೆ ಕಡೆಯಿಂದ ರಕ್ತ ನಿಲ್ಲದೆ ಬಂದ ಬಾಣಂತಿ, ಅರಕಲಗೂಡಿನಿಂದ ಕ್ರಿಮಿನಾಶಕ ಕುಡಿದು ಬಂದ ರೈತ, ಯಾರೇ ಆಗಲಿ, ರಾತ್ರಿ ಎರಡು ಗಂಟೆಗೆ ಬೋಧನಾ ಆಸ್ಪತ್ರೆಯ ಬಾಗಿಲಿಗೆ ಬಂದರೆ ಮೊದಲು ನಾಡಿ ಹಿಡಿಯುವುದು ಹೌಸ್ ಸರ್ಜನ್ (ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿರುವವರು) ಅಥವಾ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ). 2025ರಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹಬ್ಬಿ ಜನ ಇಸಿಜಿಗೆ ಮುಗಿಬಿದ್ದರಲ್ಲ, ಅಂಥ ದಿನಗಳಲ್ಲಿ ಆಸ್ಪತ್ರೆಗಳ ಭಾರ ಹೊರುವವರೂ ಇವರೇ. ಇವರು ತಪ್ಪು ಕಂಡಾಗ ಬಾಯಿ ಬಿಡುತ್ತಾರೋ ಇಲ್ಲವೋ ಎಂಬುದು ಕಾಲೇಜಿನ ಒಳಮನೆ ವಿಷಯವಲ್ಲ. ಮಂಚದ ಮೇಲೆ ಮಲಗಿದವರ ಉಳಿವು ಅದರ ಮೇಲಿದೆ.

ಹೊರಗಿನವರಿಗೆ ತಿಳಿಯದ ಒಂದು ಸಂಗತಿಯಿಂದ ಶುರು ಮಾಡೋಣ. ವೈದ್ಯ ಶಿಕ್ಷಣ ನಿಂತಿರುವುದು ಸಹಿಗಳ ಮೇಲೆ. ಎಂಬಿಬಿಎಸ್ ಮುಗಿಸಿದವರು 12 ತಿಂಗಳ ಕಡ್ಡಾಯ ಇಂಟರ್ನ್‌ಶಿಪ್ ಮಾಡಬೇಕು. ಸಮುದಾಯ ವೈದ್ಯಶಾಸ್ತ್ರಕ್ಕೆ 12 ವಾರ, ಮೆಡಿಸಿನ್ನಿಗೆ 6, ಸರ್ಜರಿಗೆ 6, ಹೆರಿಗೆ ವಿಭಾಗಕ್ಕೆ 7, ಹೀಗೆ ಸುತ್ತು. ಪ್ರತಿ ವಿಭಾಗದಿಂದ ಹೊರಡುವಾಗಲೂ ಲಾಗ್‌ಬುಕ್ಕಿಗೆ ಸಹಿ ಬೇಕು. ತೃಪ್ತಿಕರವಲ್ಲ ಎಂದು ಬರೆದರೆ ಆ ಪೋಸ್ಟಿಂಗ್ ಮತ್ತೆ ಮಾಡಬೇಕು. ಹುಡುಗರ ಬಾಯಲ್ಲಿ ಅದಕ್ಕೆ ‘ಎಕ್ಸ್‌ಟೆನ್ಷನ್’ ಎಂದು ಹೆಸರು. ಇಂಟರ್ನ್‌ಶಿಪ್ ಮುಗಿದ ಪ್ರಮಾಣಪತ್ರವಿಲ್ಲದೆ ಕಾಯಂ ನೋಂದಣಿ ಇಲ್ಲ, ನೋಂದಣಿಯಿಲ್ಲದೆ ಸ್ವಂತವಾಗಿ ವೃತ್ತಿ ಮಾಡುವಂತಿಲ್ಲ.

ಪಿಜಿಗಳ ಪಾಡು ಇನ್ನೂ ಬಿಗಿ. ಮೂರು ವರ್ಷ ಒಂದೇ ವಿಭಾಗ, ಹೆಚ್ಚುಕಡಿಮೆ ಅದೇ ನಾಲ್ಕಾರು ಮುಖಗಳು. ರಜೆಗೆ ಯೂನಿಟ್ ಚೀಫ್ ಸಹಿ, ಥೀಸಿಸ್‌ಗೆ ಗೈಡ್ ಸಹಿ, ಹಾಜರಾತಿ ಶೇ 80 ಆಗಿದೆ ಎನ್ನಲು ವಿಭಾಗದ ಮುಖ್ಯಸ್ಥರ ಸಹಿ. ಕೊನೆಗೆ ವಿಶ್ವವಿದ್ಯಾಲಯದ ಪ್ರಾಯೋಗಿಕ ಪರೀಕ್ಷೆಯ ಮೇಜಿನಾಚೆ ಹೊರಗಿನ ಪರೀಕ್ಷಕರ ಪಕ್ಕದಲ್ಲಿ ಕೂರುವ ಆಂತರಿಕ ಪರೀಕ್ಷಕರೂ ಅದೇ ವಿಭಾಗದವರು. ಇವರಲ್ಲೊಬ್ಬರ ಮೇಲೆ ಮೊದಲ ವರ್ಷದಲ್ಲಿ ದೂರು ಕೊಟ್ಟರೆ ಉಳಿದ ಎರಡು ವರ್ಷ ಅವರ ಎದುರೇ ಪೆನ್ನು ಹಿಡಿದು ನಿಲ್ಲಬೇಕು. ಬಿಟ್ಟು ಹೋಗೋಣವೆಂದರೆ ಸೀಟು ಬಿಟ್ಟಿದ್ದಕ್ಕೆ ದಂಡದ ಬಾಂಡ್. ಅದನ್ನು ಕೈಬಿಡಿ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2024ರ ಜನವರಿಯಲ್ಲಿ ರಾಜ್ಯಗಳನ್ನು ಕೇಳಿತ್ತು.

ದೂರು ಕೊಟ್ಟವರ ಮೇಲೆ ಸೇಡು ಹೇಗೆ ತೀರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದು ಸೇಡಿನ ಹಾಗೆ ಕಾಣುವುದೇ ಇಲ್ಲ. ಯಾರೂ ಬೆದರಿಸುವುದಿಲ್ಲ, ಯಾವ ಆದೇಶವೂ ಹೊರಡುವುದಿಲ್ಲ. ತಿಂಗಳಿಗೆ ಏಳಿದ್ದ ರಾತ್ರಿ ಪಾಳಿ ಹನ್ನೊಂದಾಗುತ್ತದೆ. ಸರ್ಜರಿ ಪಿಜಿಯಾದರೆ ಕತ್ತರಿ ಕೈಗೆ ಬರುವುದು ನಿಲ್ಲುತ್ತದೆ. ಜೊತೆಯವರು ಹರ್ನಿಯಾ, ಅಪೆಂಡಿಕ್ಸ್ ಸ್ವತಃ ಮಾಡುತ್ತಿದ್ದರೆ ಈತ ಮೂರನೆಯ ವರ್ಷದಲ್ಲೂ ಕೊಯ್ದ ಜಾಗವನ್ನು ಅಗಲಿಸುವ ರಿಟ್ರಾಕ್ಟರ್ ಹಿಡಿದು ನಿಂತಿರುತ್ತಾನೆ. ಥೀಸಿಸ್ ಕರಡು ಗೈಡ್ ಮೇಜಿನ ಮೇಲೆ ವಾರಗಟ್ಟಲೆ ಬಿದ್ದಿದ್ದು, ಸಲ್ಲಿಸುವ ದಿನ ಹತ್ತಿರ ಬಂದಾಗ ‘ಅಂಕಿಅಂಶ ಪೂರಾ ಬದಲಿಸಿ ತಾ’ ಎಂದು ಹಿಂದಿರುಗುತ್ತದೆ. ತಂಗಿಯ ಮದುವೆಗೆ ಕೇಳಿದ ರಜೆಗೆ ‘ಆಳು ಸಾಲದು’ ಎಂಬ ಉತ್ತರ. ರೌಂಡ್ಸ್‌ನಲ್ಲಿ ಪ್ರಶ್ನೆಗಳು ಒಬ್ಬರ ಕಡೆಗೇ ತಿರುಗುತ್ತವೆ. ಇವುಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ನೋಡಿದರೆ ವಿಭಾಗದ ಮಾಮೂಲಿ ಆಡಳಿತ. ಒಟ್ಟಿಗಿಟ್ಟು, ದೂರು ಕೊಟ್ಟ ದಿನಾಂಕದ ಪಕ್ಕದಲ್ಲಿ ಜೋಡಿಸಿದಾಗ ಮಾತ್ರ ಚಿತ್ರ ಕಾಣುತ್ತದೆ. ವಿಚಾರಣಾ ಸಮಿತಿಗಳು ಆ ಕೆಲಸ ಮಾಡುವುದು ಬಹಳ ಅಪರೂಪ. ವರದಿ ಕೊಟ್ಟ ದಿನಕ್ಕೇ ಅವುಗಳ ಕೆಲಸ ಮುಗಿಯುತ್ತದೆ, ಸೇಡು ಶುರುವಾಗುವುದು ಅದರ ನಂತರ.

ದುಡಿಮೆಯ ಗಂಟೆಗಳ ವಿಷಯದಲ್ಲಿ ಬಾಯಿ ಮುಚ್ಚಿಸಲು ಸೇಡಿನ ಅಗತ್ಯವೂ ಇಲ್ಲ, ನಿಯಮದ ಭಾಷೆಯೇ ಸಾಕು. ಆಸ್ಪತ್ರೆಯಲ್ಲಿ ದುಡಿಯುತ್ತಾ ಕಲಿಯುವ ವೈದ್ಯರಿಗೆಂದು ಇರುವ 1992ರ ಕೇಂದ್ರದ ರೆಸಿಡೆನ್ಸಿ ಯೋಜನೆ ಒಂದೇ ಸಮನೆ 12 ಗಂಟೆಗಿಂತ ಹೆಚ್ಚು, ವಾರಕ್ಕೆ ಸಾಮಾನ್ಯವಾಗಿ 48 ಗಂಟೆಗಿಂತ ಹೆಚ್ಚು ಬೇಡ ಎನ್ನುತ್ತದೆ. ಆಯೋಗದ 2023ರ ಸ್ನಾತಕೋತ್ತರ ನಿಯಮಗಳಲ್ಲಿ ಸಂಖ್ಯೆಯೇ ಇಲ್ಲ. ‘ಸಮಂಜಸ’ ಗಂಟೆಗಳ ದುಡಿಮೆ, ‘ಸಮಂಜಸ’ ವಿಶ್ರಾಂತಿ, ಕೆಲಸದ ಒತ್ತಡ ನೋಡಿಕೊಂಡು ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ. ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಅದೇ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು ಎಂದು ಶಿಫಾರಸು ಮಾಡಿತು. ಒಂದೇ ಪ್ರಶ್ನೆಗೆ 48, 74, ‘ಸಮಂಜಸ’ ಎಂಬ ಮೂರು ಉತ್ತರಗಳಿದ್ದರೆ, 36 ಗಂಟೆ ನಿಂತೇ ದುಡಿದವನು ಯಾವ ಗೆರೆ ಮೀರಿತೆಂದು ಬರೆಯಬೇಕು? ಸಾಲದ್ದಕ್ಕೆ ಗೋಡೆಯ ಮೇಲಿನ ಡ್ಯೂಟಿ ಪಟ್ಟಿಯಲ್ಲಿ ಎಲ್ಲವೂ ನೇರ್ಪಾಗಿರುತ್ತದೆ. ಪಾಳಿ ಮುಗಿದ ಮೇಲಿನ ರೌಂಡ್ಸ್, ಡಿಸ್ಚಾರ್ಜ್ ಬರೆಯುವುದು, ಲ್ಯಾಬಿಗೆ ರಕ್ತದ ಸ್ಯಾಂಪಲ್ ಒಯ್ಯುವುದು ಆ ಪಟ್ಟಿಯಲ್ಲಿ ಇರುವುದಿಲ್ಲ.

ಆ ಕಾರ್ಯಪಡೆಯ ಸಮೀಕ್ಷೆಗೆ 25,590 ಎಂಬಿಬಿಎಸ್ ವಿದ್ಯಾರ್ಥಿಗಳು, 5,337 ಪಿಜಿಗಳು ಉತ್ತರಿಸಿದ್ದರು. ಆತ್ಮಹತ್ಯೆಯ ಯೋಚನೆ ಬಂದಿತ್ತೆಂದು ಹೇಳಿಕೊಂಡವರು ಎಂಬಿಬಿಎಸ್‌ನಲ್ಲಿ ಶೇ 16.2, ಪಿಜಿಗಳಲ್ಲಿ ಶೇ 31.2. ಓದುತ್ತಿರುವ ಯಾರಿಗಾದರೂ ಅಂಥ ಯೋಚನೆ ಬರುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ರೋಗಿಯ ಮಾತು. ಗದರಿಕೆಯ ವಾತಾವರಣದಲ್ಲಿ ಬೆಳೆದ ಕಿರಿಯರು ಮೌನವಾಗಿರುತ್ತಾರೆ ಎಂಬುದಕ್ಕಿಂತ ಸುಳಿವು ಕೊಟ್ಟು ಸುಮ್ಮನಾಗುತ್ತಾರೆ ಎಂಬುದು ಹೆಚ್ಚು ನಿಜ. ಹೆರಿಗೆಯಾದ ಮೇಲೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದು ಅಪಾಯದ ಗೆರೆ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ 3 ಗಂಟೆಯೊಳಗೆ ಒಳಗೆ ಹೋಗಬೇಕು, ತಡವಾದಷ್ಟೂ ಅದರ ಫಲ ಕಡಿಮೆ. ಇಂಥ ಹೊತ್ತಿನಲ್ಲಿ ನಿದ್ದೆಯಲ್ಲಿರುವ ಹಿರಿಯರಿಗೆ ಫೋನ್ ಮಾಡಿ, ‘ಸರ್, ಪೇಷಂಟ್ ಸ್ವಲ್ಪ ಡಲ್ ಇದಾರೆ, ಬಿಪಿನೂ ಕಮ್ಮಿ ಇದ್ದಂಗಿದೆ ಸರ್’ ಎಂದರೆ ಆ ಕಡೆಯಿಂದ ‘ಫ್ಲೂಯಿಡ್ ಹಾಕು, ನೋಡೋಣ’ ಎಂಬ ಉತ್ತರ ಬಂದೇ ಬರುತ್ತದೆ. ಹೇಳಬೇಕಾದದ್ದು ಹೀಗೆ: ‘ಹೆರಿಗೆಯಾಗಿ 40 ನಿಮಿಷ. 800 ಎಂಎಲ್ ರಕ್ತ ಹೋಗಿದೆ. ಬಿಪಿ 80/50, ನಾಡಿ 130. ಆಕ್ಸಿಟೋಸಿನ್, ಟ್ರಾನೆಕ್ಸಾ ಕೊಟ್ಟಾಗಿದೆ, ಗರ್ಭಕೋಶ ಗಟ್ಟಿಯಾಗಿಲ್ಲ. ನೀವು ಈಗಲೇ ಬರಬೇಕು.’ ಯಾರು, ಏನಾಗಿದೆ, ಏನು ಮಾಡಿದೆ, ನಿಮ್ಮಿಂದ ಏನು ಬೇಕು ಎಂಬ ನಾಲ್ಕೂ ಇದರಲ್ಲಿವೆ. ಕೊನೆಯ ವಾಕ್ಯ ಹೇಳಲು ಬೇಕಾಗುವುದು ವೈದ್ಯಜ್ಞಾನವಲ್ಲ, ಬೈಸಿಕೊಳ್ಳುವುದಿಲ್ಲ ಎಂಬ ನಂಬಿಕೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಮಂಗಳೂರಿಗೆ ಕಳಿಸುವ ದಾರಿಯೂ ಮುಚ್ಚುತ್ತದೆ. ಇಲ್ಲೇ, ಈ ಫೋನಿನಲ್ಲೇ ತೀರ್ಮಾನವಾಗಬೇಕು.

ರಕ್ತ ಕೊಡುವಾಗಲೂ ಇದೇ ಕಥೆ. ಬ್ಯಾಗಿನ ಸಂಖ್ಯೆ, ಗುಂಪು, ರೋಗಿಯ ಹೆಸರು ಇವನ್ನು ಮಂಚದ ಪಕ್ಕದಲ್ಲೇ ಇಬ್ಬರು ಬೇರೆಬೇರೆಯಾಗಿ ಓದಬೇಕು, ಮೊದಲ 15 ನಿಮಿಷ ಕಣ್ಣಿಟ್ಟಿರಬೇಕು. ಹಿರಿಯರು ‘ನಾನು ನೋಡಿದೀನಿ, ಹಾಕು’ ಎಂದರೆ ಎರಡನೆಯವರ ಓದು ಬರೀ ಸಹಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಶಸ್ತ್ರಚಿಕಿತ್ಸಾ ಪಟ್ಟಿಯಲ್ಲಿ, ಕೊಯ್ಯುವ ಮುನ್ನ ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕೆಂಬ ಸಾಲಿದೆ. ಅದು ಶಿಷ್ಟಾಚಾರಕ್ಕಲ್ಲ. ಒಮ್ಮೆ ಬಾಯಿ ತೆರೆದವರು ಎಡ ಕಾಲೋ ಬಲ ಕಾಲೋ ಎಂಬ ಅನುಮಾನ ಬಂದಾಗ ಎರಡನೆಯ ಸಲ ಬಾಯಿ ತೆರೆಯುವುದು ಸುಲಭ. ಆಪರೇಷನ್ ಮುಗಿದ ಮೇಲೆ ಹೌಸ್ ಸರ್ಜನ್ ಒಬ್ಬರೇ ಕೂತು 19ಕ್ಕೂ ಟಿಕ್ ಹಾಕಿದರೆ ಆ ಉದ್ದೇಶ ಸತ್ತಂತೆ. ವಿಮಾನಯಾನದಿಂದ ಬಂದ ಇನ್ನೊಂದು ಪದ್ಧತಿಯೂ ಉಂಟು. ಅಪಾಯ ಕಂಡರೆ ಒಮ್ಮೆ ಸ್ಪಷ್ಟವಾಗಿ ಹೇಳು, ಕೇಳದಿದ್ದರೆ ಬೇರೆ ಮಾತಿನಲ್ಲಿ ಇನ್ನೊಮ್ಮೆ ಹೇಳು, ಆಗಲೂ ಕೇಳದಿದ್ದರೆ ಅವರ ಮೇಲಿನವರಿಗೆ ಫೋನ್ ಮಾಡು. ಮೂರನೆಯ ಹೆಜ್ಜೆ ಉದ್ಧಟತನವಲ್ಲ, ಅದು ಕರ್ತವ್ಯ ಎಂದು ಪ್ರತಿ ವಾರ್ಡಿನಲ್ಲೂ ಮುಖ್ಯಸ್ಥರ ಸಹಿಯೊಡನೆ ಬರೆದು ಹಾಕಬೇಕು.

‘ನಾವೂ ಬೈಸಿಕೊಂಡೇ ಕಲಿತದ್ದು’ ಎನ್ನುವ ಹಿರಿಯರ ಮೇಲೆ ನಮಗೆ ಸಿಟ್ಟಿಲ್ಲ. ಖಾಲಿ ಹುದ್ದೆಗಳ ನಡುವೆ ಅವರೂ ಬಸವಳಿದವರೇ. ಡೋಸ್ ತಪ್ಪು ಬರೆದ ಇಂಟರ್ನ್‌ಗೆ ‘ಇದು ಕೊಲ್ಲುತ್ತಿತ್ತು, ಕೂತು ಮತ್ತೆ ಲೆಕ್ಕ ಹಾಕು’ ಎಂದು ಖಡಕ್ಕಾಗಿ ಹೇಳುವುದು ಪಾಠ, ಅದು ಬೇಕು. ಕೇಸ್ ಶೀಟ್ ಮುಖಕ್ಕೆಸೆದು, ರೋಗಿಯ ಮನೆಯವರೆದುರು ‘ಯಾವ ಕೋಟಾದಲ್ಲಿ ಬಂದೆ’ ಎನ್ನುವುದರಿಂದ ಡೋಸ್ ಸರಿಯಾಗುವುದಿಲ್ಲ. ಮುಂದಿನ ಸಲ ತಪ್ಪನ್ನು ಮುಚ್ಚಿಡುವುದಷ್ಟೇ ಕಲಿಸಿದಂತಾಗುತ್ತದೆ. 2019ರ ಮೇನಲ್ಲಿ ಮುಂಬೈನಲ್ಲಿ ಓದುತ್ತಿದ್ದ ಆದಿವಾಸಿ ಸಮುದಾಯದ ಪಿಜಿ ವೈದ್ಯೆಯೊಬ್ಬರು ಪ್ರಾಣ ಕಳೆದುಕೊಂಡಾಗ, ಜಾತಿ ನಿಂದನೆ ಮತ್ತು ಕಿರುಕುಳದ ಆರೋಪ ಬಂದದ್ದು ಅವರ ಮೂವರು ಹಿರಿಯ ಸಹಪಾಠಿಗಳ ಮೇಲೆ.

ಹಾಗಾದರೆ ಕಾನೂನಿನಲ್ಲಿ ದಾರಿಯೇ ಇಲ್ಲವೇ? ಇವೆ, ಒಂದೊಂದು ಬಾಗಿಲು ಒಂದೊಂದು ಅಳತೆಯದು. ಹಿರಿಯ ವಿದ್ಯಾರ್ಥಿಗಳ ಕಿರುಕುಳಕ್ಕೆ ಆಯೋಗದ 2021ರ ರ‍್ಯಾಗಿಂಗ್ ತಡೆ ನಿಯಮಗಳಿವೆ, ಪಿಜಿಗಳಿಗೂ ಅನ್ವಯಿಸುತ್ತವೆ. ರಾಷ್ಟ್ರೀಯ ಸಹಾಯವಾಣಿ 1800-180-5522. ಅಧ್ಯಾಪಕರ ನಡತೆಗೆ ಆ ಬಾಗಿಲು ಸರಿಯಾಗಿ ಹೊಂದುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಜಾತಿ ನಿಂದನೆಯಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ನೇರ ಪೊಲೀಸ್ ಠಾಣೆ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯ ಆಂತರಿಕ ಸಮಿತಿ: ಘಟನೆಯಿಂದ 3 ತಿಂಗಳೊಳಗೆ ಲಿಖಿತ ದೂರು, ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ದೂರಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. 2014ರಲ್ಲಿ ಸಂಸತ್ತು ಒಪ್ಪಿದ ಮಾಹಿತಿದಾರರ ರಕ್ಷಣಾ ಕಾಯ್ದೆ ಇಂದಿಗೂ ಜಾರಿಗೆ ಬಂದಿಲ್ಲ, ಬಂದರೂ ಅದು ಭ್ರಷ್ಟಾಚಾರ, ಅಧಿಕಾರ ದುರ್ಬಳಕೆಯಂಥ ವಿಷಯಗಳಿಗೆ. ಅಮಾನವೀಯ ಪಾಳಿ, ಅವಮಾನ, ರೋಗಿಗೆ ಅಪಾಯವಾಗುವ ಕ್ರಮ, ಸುಳ್ಳು ದಾಖಲೆ ಬರೆಯುವ ಒತ್ತಾಯ ಇಂಥ ದಿನನಿತ್ಯದ ದೂರುಗಳಿಗೆ ಬಹುಮಟ್ಟಿಗೆ ಕಾಲೇಜಿನ ಕುಂದುಕೊರತೆ ಸಮಿತಿಯೇ ಗತಿ.

ಇದರಲ್ಲಿ ನಾವು ಬೊಟ್ಟು ಮಾಡಿ ತೋರಿಸಬೇಕೆಂದಿರುವ ಸಾಲು 2013ರ ಕಾಯ್ದೆಯ ನಿಯಮಾವಳಿಯಲ್ಲಿದೆ, 8ನೇ ನಿಯಮ. ವಿಚಾರಣೆ ನಡೆಯುವಾಗ ದೂರು ಕೊಟ್ಟಾಕೆ ಲಿಖಿತವಾಗಿ ಕೋರಿದರೆ, ಆರೋಪಿತರು ಆಕೆಯ ಕೆಲಸದ ಮೌಲ್ಯಮಾಪನ ಮಾಡದಂತೆ, ಗೋಪ್ಯ ವರದಿ ಬರೆಯದಂತೆ ತಡೆದು ಆ ಕೆಲಸವನ್ನು ಬೇರೊಬ್ಬರಿಗೆ ವಹಿಸಲು ಸಮಿತಿ ಶಿಫಾರಸು ಮಾಡಬಹುದು. ದೂರನ್ನೂ ಸಹಿಯನ್ನೂ ಬೇರ್ಪಡಿಸುವ ಉಪಾಯ ನಮ್ಮ ಕಾನೂನಿನಲ್ಲೇ ಇದೆ. ಅದನ್ನು ಎಲ್ಲ ಬಗೆಯ ದೂರಿಗೂ ವಿಸ್ತರಿಸಲು ಹೊಸ ಕಾಯ್ದೆ ಬೇಕಿಲ್ಲ, ಕಾಲೇಜಿನ ಆಡಳಿತ ಮನಸ್ಸು ಮಾಡಿ ಒಂದು ಸುತ್ತೋಲೆ ಹೊರಡಿಸಿದರೆ ಆಯಿತು.

ಅಲ್ಲಿಯವರೆಗೆ ದೂರು ಕೊಡಲೇಬೇಕಾದವರಿಗೆ ಕೆಲವು ಮಾತು. ಮೊದಲ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬಂದ ಗಂಟೆ, ಹೋದ ಗಂಟೆ, ವಾರ್ಡಿನಲ್ಲಿದ್ದ ರೋಗಿಗಳ ಸಂಖ್ಯೆ ಬರೆಯುತ್ತಾ ಹೋಗಿ. ಆಮೇಲೆ ನೆನಪಿನಿಂದ ಬರೆದದ್ದಕ್ಕೆ ಬೆಲೆ ಕಡಿಮೆ. ಡ್ಯೂಟಿ ಪಟ್ಟಿಯ ಪ್ರತಿ ತಿಂಗಳ ಪ್ರತಿ ಇಟ್ಟುಕೊಳ್ಳಿ. ಕೇಸ್ ಶೀಟಿನ ಫೋಟೊ ತೆಗೆಯಬೇಡಿ, ರೋಗಿಯ ಹೆಸರು ಎಲ್ಲೂ ಬರೆಯಬೇಡಿ. ಗೋಪ್ಯತೆ ಮುರಿದರು ಎಂಬ ಒಂದೇ ಕಾರಣಕ್ಕೆ ದೂರು ನಿಮ್ಮ ಮೇಲೆಯೇ ತಿರುಗುತ್ತದೆ. ದಿನಾಂಕ, ವಾರ್ಡು, ಸಮಯ ಬರೆದು, ಸಂಬಂಧಪಟ್ಟ ದಾಖಲೆ ತರಿಸಿ ನೋಡಿ ಎಂದು ಸಮಿತಿಯನ್ನು ಕೇಳಿ. ವಾಟ್ಸ್ಯಾಪ್ ಗುಂಪಿನಲ್ಲಿ ಒಂದಕ್ಷರವೂ ಬೇಡ. ‘ಕಿರುಕುಳ ಕೊಡುತ್ತಾರೆ’ ಎಂಬ ವಾಕ್ಯಕ್ಕೆ ಸಮಿತಿ ಏನೂ ಮಾಡಲಾಗದು. ‘ಇಂಥ ದಿನ, ಇಂಥ ಗಂಟೆಗೆ, ಇಂಥವರೆದುರು ಈ ಮಾತು ಆಡಿದರು’ ಎಂಬುದಕ್ಕೆ ಉತ್ತರ ಕೊಡಲೇಬೇಕು. ಅರ್ಜಿಯನ್ನು ಟಪಾಲು ಶಾಖೆಯಲ್ಲಿ ಕೊಟ್ಟು ಎರಡನೆಯ ಪ್ರತಿಗೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಒಬ್ಬರೇ ಕೊಡುವುದಕ್ಕಿಂತ ಬ್ಯಾಚಿನ ಅರ್ಜಿ ಮೇಲು. ಸಹಿಗಳನ್ನು ಪಟ್ಟಿಯಂತೆ ಹಾಕದೆ ಬಳೆಯ ಹಾಗೆ ಸುತ್ತ ಹಾಕಿದರೆ ಮೊದಲಿಗರು ಯಾರೆಂದು ಗೊತ್ತಾಗುವುದಿಲ್ಲ. ಸರ್ಕಾರಿ ಕಾಲೇಜಿನಲ್ಲಿ ದೂರು ಏನಾಯಿತೆಂದು ತಿಳಿಯದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು.

ತಂದೆತಾಯಿಯರಲ್ಲೂ ಒಂದು ಬಿನ್ನಹ. ಹೊಲ ಅಡವಿಟ್ಟು ಓದಿಸಿದವರ ಸಂಕಟ ನಮಗೆ ಗೊತ್ತು. ‘ಮೂರು ವರ್ಷ ತಾನೇ, ಹೊಂದ್ಕೊಂಡು ಹೋಗಪ್ಪ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಮಗಳು ಫೋನಿನಲ್ಲಿ ಮೊದಲ ಸಲ ಹೇಳಿಕೊಂಡಾಗ ಆ ಮಾತು ಬಂದರೆ ಎರಡನೆಯ ಸಲ ಆಕೆ ಹೇಳಿಕೊಳ್ಳುವುದಿಲ್ಲ.

ಹೊರಗೆ ಇದಕ್ಕೆ ಏನು ಮಾಡಿದ್ದಾರೆ? ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1990ರ ದಶಕದಲ್ಲಿ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಸಾವು ಹೆಚ್ಚುತ್ತಿದೆಯೆಂದು ಎತ್ತಿ ಹೇಳಿದ ಅರಿವಳಿಕೆ ತಜ್ಞ ಸ್ಟೀಫನ್ ಬೋಲ್ಸಿನ್ ಕೊನೆಗೆ ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋಗಬೇಕಾಯಿತು. 1991ರಿಂದ 1995ರ ನಡುವೆ ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ನಿರೀಕ್ಷೆಗಿಂತ ಹೆಚ್ಚಾಗಿ ಸತ್ತಿದ್ದರು ಎಂದು 2001ರ ತನಿಖಾ ವರದಿ ಹೇಳಿತು. ಅಲ್ಲಿ 2016ರಿಂದ, ನಿಗದಿಗಿಂತ ಹೆಚ್ಚು ದುಡಿದ ಕಿರಿಯ ವೈದ್ಯರು ಅದನ್ನು ವರದಿ ಮಾಡಬಹುದು. ಆ ವರದಿಗಳ ಮೇಲೆ ಕಣ್ಣಿಡುವುದು ಅವರ ಮೇಲಧಿಕಾರಿಯಲ್ಲ, ಅದಕ್ಕೆಂದೇ ನೇಮಕವಾದ ಬೇರೆ ಹಿರಿಯರು. ಕೆಲವು ಮಿತಿ ಮೀರಿದರೆ ವಿಭಾಗಕ್ಕೆ ದಂಡ ಹಾಕುವ ಅಧಿಕಾರ ಅವರಿಗಿದೆ. ಅಲ್ಲೂ ಎಲ್ಲ ಸರಿಹೋಗಿಲ್ಲ. ಆದರೂ ಕೇಳುವ ಕಿವಿ ಮತ್ತು ಸಹಿ ಹಾಕುವ ಕೈ ಬೇರೆಯಾಗಿವೆ.

ನಮ್ಮಲ್ಲಿ ಬರುವ ತೊಡಕು ಒಂದಿದೆ. ಹೊಸ ಕಾಲೇಜುಗಳ ಸಣ್ಣ ವಿಭಾಗದಲ್ಲಿ ಪ್ರಾಧ್ಯಾಪಕರು ಒಬ್ಬರೋ ಇಬ್ಬರೋ. ಸಹಿ ವರ್ಗಾಯಿಸೋಣವೆಂದರೆ ಯಾರಿಗೆ? ಎಲ್ಲರೂ ಪರಸ್ಪರ ಬೇಕಾದವರು, ಸಮಿತಿಯಲ್ಲಿ ಕೂರುವವರೂ ಸಂಜೆ ಒಟ್ಟಿಗೆ ಕಾಫಿ ಕುಡಿಯುವವರೇ. ಇದಕ್ಕೆ ಹಾಸನ, ಚಿಕ್ಕಮಗಳೂರುಗಳ ನೆರೆಹೊರೆತನವೇ ಪರಿಹಾರ ಎಂಬುದು ನಮ್ಮ ಸಲಹೆ. ಎರಡೂ ಸರ್ಕಾರಿ ಸಂಸ್ಥೆಗಳು, ಬೇಲೂರಿನ ಮೇಲೆ ಹೋದರೆ ಅರ್ಧ ದಿನದಲ್ಲಿ ಹೋಗಿ ಬರಬಹುದು. ಹಾಸನದ ದೂರಿನ ವಿಚಾರಣೆಗೆ ಚಿಕ್ಕಮಗಳೂರಿನಿಂದ ಒಬ್ಬರು, ಅಲ್ಲಿಯದಕ್ಕೆ ಇಲ್ಲಿಂದ ಒಬ್ಬರು ಬರಲಿ. ಥೀಸಿಸ್‌ಗೆ ಸಹ-ಮಾರ್ಗದರ್ಶಕರನ್ನು, ಪರೀಕ್ಷೆಗೆ ಬದಲಿ ಆಂತರಿಕ ಪರೀಕ್ಷಕರನ್ನು ಇದೇ ರೀತಿ ಕೊಡುವಂತೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವನ್ನು ಕೇಳಬಹುದು. ಚಿಕ್ಕಮಗಳೂರಿನದು ಹೊಸ ಸಂಸ್ಥೆ, ರೂಢಿಗಳು ಇನ್ನೂ ಗಟ್ಟಿಯಾಗಿಲ್ಲ. ಶುರು ಮಾಡಲು ಅಲ್ಲಿಗಿಂತ ಒಳ್ಳೆಯ ಜಾಗವಿಲ್ಲ.

ಎರಡೂ ಸಂಸ್ಥೆಗಳ ನಿರ್ದೇಶಕರಲ್ಲಿ ನಮ್ಮ ಕೋರಿಕೆ ಒಂದು ಪುಟದ ಆದೇಶಕ್ಕಾಗಿ. ಅದರಲ್ಲಿ ಇಷ್ಟಿದ್ದರೆ ಸಾಕು: ‘ವಿದ್ಯಾರ್ಥಿಯಿಂದ ಲಿಖಿತ ದೂರು ಬಂದ 48 ಗಂಟೆಯೊಳಗೆ, ದೂರಿನಲ್ಲಿ ಹೆಸರಿರುವವರು ಆ ವಿದ್ಯಾರ್ಥಿಯ ರಜೆ, ಲಾಗ್‌ಬುಕ್, ಆಂತರಿಕ ಮೌಲ್ಯಮಾಪನ, ಥೀಸಿಸ್ ಇವುಗಳಿಗೆ ಸಹಿ ಮಾಡುವುದನ್ನು ನಿಲ್ಲಿಸಿ, ಬೇರೊಬ್ಬರಿಗೆ ವಹಿಸಲಾಗುವುದು. ವಿಚಾರಣೆ ಮುಗಿದ 3 ಮತ್ತು 6 ತಿಂಗಳಿಗೆ ಆ ವಿದ್ಯಾರ್ಥಿಯ ರಾತ್ರಿ ಪಾಳಿ, ಮಾಡಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ, ನಿರಾಕರಿಸಿದ ರಜೆ ಇವನ್ನು ಸಹಪಾಠಿಗಳದರೊಂದಿಗೆ ಹೋಲಿಸಿ ಸಮಿತಿ ಲಿಖಿತ ವರದಿ ಕೊಡುವುದು.’

— ವೈದ್ಯ ಶಿಕ್ಷಣದಲ್ಲಿ ತೊಡಗಿರುವ ಕೆಲವರು,
ಹಾಸನ ಮತ್ತು ಚಿಕ್ಕಮಗಳೂರು
(ನಮ್ಮಲ್ಲಿ ಇನ್ನೂ ಕಲಿಯುತ್ತಿರುವವರಿರುವುದರಿಂದ ಹೆಸರುಗಳನ್ನು ಪ್ರಕಟಿಸಬಾರದೆಂದು ವಿನಂತಿ)